ಗಿನಿ ಪಿಗ್‌ಗೆ ಸಂಕ ಹತ್ತಲು ಕಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯ ನಮ್ಮ ಮನೆಯಲ್ಲಿ ಎರಡು ಹೆಣ್ಣು ಗಿನಿ ಪಿಗ್ ಇವೆ. ಒಂದು ಜೋನಿ, ಇನ್ನೊಂದು ಚುಕ್ಕಿ. ಜೋನಿ ಬೆಲ್ಲದ, ಅಂದರೆ ನಮ್ಮ ಕಡೆಯ ನೀರು ಬೆಲ್ಲದ, ಬಣ್ಣ ನೋಡಿದವರಿಗೆ ಆ ಹೆಸರು ಯಾಕೆ ಅಂತ ಹೇಳಬೇಕಾಗಿಲ್ಲ. ಅವುಗಳದ್ದು ಎರಡಂತಸ್ತಿನ ಗೂಡು. ಕೆಳಗಿನಿಂದ ಮೇಲಕ್ಕೆ ಹಾಕಿದ ರ‍್ಯಾಂಪನ್ನು ನೋಡಿ ಆಯಿ ಮೊದಲ ದಿನವೇ ‘ಇದೊಂದು ಸಂಕ’ ಅಂದರು. ಹಳ್ಳ ದಾಟಲು ಅಡಿಕೆ ಮರ ಅಡ್ಡ ಹಾಕುತ್ತೇವಲ್ಲ, ಆ ಸಂಕ. ಅಂದಿನಿಂದ ಮನೆಯಲ್ಲಿ ಅದೇ ಹೆಸರು. ಇಲ್ಲೂ ಹಾಗೇ ಬರೆಯುತ್ತೇನೆ. ಗೂಡು ನೋಡಲು ಬಂದವರು, ಹೊಸದಾಗಿ ಸಾಕಲು ಹೊರಟವರು, ಕಾರವಾರದ ನನ್ನ ಗೆಳತಿ, ಎಲ್ಲರೂ ಕೇಳಿದ್ದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು.

ಗಿನಿ ಪಿಗ್ ಹತ್ತುವ ಪ್ರಾಣಿಯೇ?

ಅಲ್ಲ. ಅಳಿಲಿಗೋ ಇಲಿಗೋ ಹೋಲಿಸಲೇಬೇಡಿ. ಇದರ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಕಡೆ. ಹಾಗಂತ ಬಂಡೆ ಹತ್ತುತ್ತದೆ ಅಂದುಕೊಳ್ಳಬೇಡಿ. ಇದರ ಕಾಡು ಬಳಗ ಹುಲ್ಲಿನ ಸಂದಿಯಲ್ಲಿ, ನೆಲದ ಮೇಲೇ ದಾರಿ ಮಾಡಿಕೊಂಡು ಓಡಾಡುತ್ತದೆ. ದುಂಡು ಮೈ, ಗಿಡ್ಡ ಕಾಲು, ಬಾಲವೇ ಇಲ್ಲ. ಮುಂಗಾಲಿಗೆ 4 ಬೆರಳು, ಹಿಂಗಾಲಿಗೆ 3. ಏನನ್ನಾದರೂ ಗಟ್ಟಿ ಹಿಡಿದು ಮೇಲೇರುವ ಕಾಲಲ್ಲ ಅದು.

ಕಣ್ಣಿನ ಕಥೆ ಇನ್ನೊಂದು. ತಲೆಯ ಎರಡು ಬದಿಗೆ ಇರುವುದರಿಂದ ಸುತ್ತ ಏನು ಬಂದರೂ ಗೊತ್ತಾಗುತ್ತದೆ. ಆದರೆ ಮೂಗಿನ ತುದಿಯಲ್ಲಿರುವುದು ಸರಿಯಾಗಿ ಕಾಣುವುದಿಲ್ಲ, ಕೆಳಗೆ ಎಷ್ಟು ಆಳ ಅನ್ನುವ ಅಂದಾಜೂ ಸಿಗುವುದಿಲ್ಲ. ಮಳೆಗಾಲದಲ್ಲಿ, ಕತ್ತಲಲ್ಲಿ, ಜಾರುವ ಸಂಕದ ಮೇಲೆ ನಿಮ್ಮನ್ನು ನಿಲ್ಲಿಸಿ ‘ನಡಿ’ ಅಂದರೆ ಹೇಗೆ? ಅದಕ್ಕೂ ಹಾಗೇ. ‘ದಡ್ಡ ಪ್ರಾಣಿ, ಕಲಿಯುವುದೇ ಇಲ್ಲ’ ಅಂತ ಯಾರಾದರೂ ಹೇಳಿದರೆ ನಾನು ಮೊದಲು ಸಂಕ ತೋರಿಸಿ ಅನ್ನುತ್ತೇನೆ.

ಹಾಗಾದರೆ ಎರಡಂತಸ್ತು ಯಾಕೆ ಬೇಕು?

ಬೇಕೇ ಬೇಕು ಅಂತೇನಿಲ್ಲ. ಎರಡು ಗಿನಿ ಪಿಗ್‌ಗೆ ಕಡಿಮೆ ಅಂದರೂ ಏಳೂವರೆ ಚದರಡಿ ನೆಲ ಬೇಕು, ಅದೂ ಒಂದೇ ಮಟ್ಟದಲ್ಲಿ. ಅಷ್ಟು ಇದ್ದ ಮೇಲೆ ಮಾಳಿಗೆ ಹೆಚ್ಚುವರಿ ಸುಖ. ಕೆಳಗೆ ಜಾಗ ಸಾಲದು, ಮೇಲೊಂದು ಅಂತಸ್ತು ಎಬ್ಬಿಸಿ ಸರಿದೂಗಿಸುತ್ತೇನೆ ಅನ್ನುವ ಲೆಕ್ಕ ಮಾತ್ರ ಬೇಡ. ಓಡಲು ಅದಕ್ಕೆ ಉದ್ದನೆಯ ನೆಲವೇ ಬೇಕು.

ಸಂಕ ಎಷ್ಟು ಉದ್ದ, ಎಷ್ಟು ಓರೆ ಇರಬೇಕು?

ಕೋನ ಅಳೆಯಲು ಕೂರಬೇಡಿ. ಎತ್ತರದ ಮೂರು ಪಟ್ಟು ಉದ್ದ ಇಡಿ, ಸುಮಾರು 20 ಡಿಗ್ರಿ ಓರೆ ಬರುತ್ತದೆ. ಇದು ಆರಾಮ. ಎರಡು ಪಟ್ಟು ಇಟ್ಟರೆ 30 ಡಿಗ್ರಿ. ಗಟ್ಟಿಮುಟ್ಟಾದ, ಎಳೆ ವಯಸ್ಸಿನ ಪ್ರಾಣಿ ಅದನ್ನೂ ಹತ್ತೀತು. ಅದಕ್ಕಿಂತ ಕಡಿದು ಬೇಡವೇ ಬೇಡ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ನಮ್ಮ ಮೇಲಂತಸ್ತು 35 ಸೆಂಟಿಮೀಟರ್ ಎತ್ತರದಲ್ಲಿದೆ. ಕಪಾಟು ಮಾಡಿಸಿದಾಗ ಉಳಿದ ಪ್ಲೈವುಡ್ ತುಂಡೊಂದಿತ್ತು, 55 ಸೆಂಟಿಮೀಟರ್. ಸಾಕು ಬಿಡು ಅಂತ ಅದನ್ನೇ ಒರಗಿಸಿದೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 40 ಡಿಗ್ರಿ! ಜೋನಿ ಅರ್ಧ ಹತ್ತಿತು. ಹಿಂಗಾಲು ಜಾರಿತು. ಹೊಟ್ಟೆ ಅಡಿಯಾಗಿ ಸರ್ರನೆ ಕೆಳಗೆ ಬಂದು ನೀರಿನ ಬಾಟಲಿಯ ನಳಿಗೆಗೆ ಗದ್ದ ತಾಗಿಸಿಕೊಂಡಿತು. ಗಾಯ ಏನೂ ಆಗಲಿಲ್ಲ. ಆದರೆ ಆಮೇಲೆ ಒಂದು ತಿಂಗಳು ಆ ಮೂಲೆಗೇ ಹೋಗಲಿಲ್ಲ. ಕೊನೆಗೆ ಆಚಾರಿಯನ್ನು ಕರೆದು 105 ಸೆಂಟಿಮೀಟರಿನ ಹಲಗೆ ಮಾಡಿಸಿದೆ. ಅವರು ಕೇಳಿದ್ದು ಒಂದೇ ಮಾತು: ‘ಇಲಿಗೆ ಇಷ್ಟುದ್ದ ಸಂಕವಾ?’

ಅಗಲ 20ರಿಂದ 25 ಸೆಂಟಿಮೀಟರ್ ಇದ್ದರೆ ಒಂದು ಆರಾಮಾಗಿ ಹೋಗುತ್ತದೆ. ಎರಡು ಎದುರುಬದುರಾದಾಗ ಜಗಳ ಬೇಡ ಅಂದರೆ 30. ಎರಡೂ ಬದಿಗೆ 10 ಸೆಂಟಿಮೀಟರಿನಷ್ಟಾದರೂ ಗೋಡೆ ಬೇಕು. ಅದು ಬೀಳದಿರಲಿ ಅಂತ ಮಾತ್ರವಲ್ಲ. ಬದಿ ಮುಚ್ಚಿದರೆ ಆಳ ಕಾಣುವುದಿಲ್ಲ, ಧೈರ್ಯ ಬರುತ್ತದೆ. ಮೇಲಂತಸ್ತಿನ ಅಂಚಿಗೂ ಗೋಡೆ ಬೇಕು. ಇಷ್ಟು ಕುಳ್ಳಗಿನ ಪ್ರಾಣಿ ಒಂದಡಿ ಎತ್ತರದಿಂದ ಬಿದ್ದರೂ ಹಲ್ಲೋ ಕಾಲೋ ಮುರಿಯಬಹುದು.

ಅಷ್ಟುದ್ದದ ಹಲಗೆಗೆ ನಮ್ಮ ಗೂಡಲ್ಲಿ ಜಾಗವೇ ಇಲ್ಲ.

ನಡುವೆ ಒಂದು ಕಟ್ಟೆ ಮಾಡಿ ಸಂಕವನ್ನು ತಿರುಗಿಸಿ. ಅರ್ಧ ಹತ್ತಿ, ಕಟ್ಟೆಯಲ್ಲಿ ನಿಂತು, ಉಳಿದರ್ಧ ಇನ್ನೊಂದು ದಿಕ್ಕಿಗೆ. ಅಥವಾ ಮೇಲಂತಸ್ತನ್ನೇ ಇಳಿಸಿ. 30 ಸೆಂಟಿಮೀಟರಿಗೆ ಇಳಿಸಿದರೆ 90ರ ಹಲಗೆ ಸಾಕು. ಕಾರವಾರದ ಗೆಳತಿ ಸಂಕವನ್ನು ಗೂಡಿನ ಹೊರಗಿನಿಂದ ಹಾಕಿ ಸುತ್ತ ಜಾಲರಿ ಕಟ್ಟಿದ್ದಾಳೆ. ಫ್ಲೆಕ್ಸ್ ಅಂಗಡಿಯಲ್ಲಿ ಸಿಗುವ ಸನ್‌ಪ್ಯಾಕ್ ಶೀಟನ್ನು (ಒಳಗೆ ಟೊಳ್ಳಿರುವ ಪ್ಲಾಸ್ಟಿಕ್ ಹಾಳೆ) ಬದಿಗೋಡೆಗೆ ಬಳಸಿದ್ದಾಳೆ. ಹಗುರ, ಒರೆಸಿದರೆ ಸ್ವಚ್ಛ, ಮಳೆಗಾಲದಲ್ಲಿ ಉಬ್ಬುವುದೂ ಇಲ್ಲ. ಅಂಚನ್ನು ಮಾತ್ರ ಟೇಪ್ ಹಾಕಿ ಮುಚ್ಚಿ, ಇಲ್ಲದಿದ್ದರೆ ಕಡಿದು ಚೂರು ಮಾಡುತ್ತವೆ.

ಅಡಿಕೆ ದಬ್ಬೆಯಲ್ಲೇ ಮಾಡಬಹುದಾ? ತೋಟದಲ್ಲಿ ಬೇಕಾದಷ್ಟಿದೆ.

ಈ ಪ್ರಶ್ನೆ ನಮ್ಮ ಕಡೆಯವರು ಕೇಳದೇ ಇರುವುದಿಲ್ಲ! ದಬ್ಬೆ ಅಂದರೆ ಅಡಿಕೆ ಮರ ಸೀಳಿದ ಪಟ್ಟಿ. ಅದು ಬೇಲಿಗೆ ಸರಿ, ಇದಕ್ಕೆ ಅಲ್ಲ. ಎಷ್ಟೇ ಉಜ್ಜಿದರೂ ಸಿಬಿರು ಏಳುತ್ತದೆ. ಗಿನಿ ಪಿಗ್‌ನ ಅಂಗಾಲಿಗೆ ಕೂದಲಿಲ್ಲ, ಮೆತ್ತನೆಯ ಚರ್ಮ. ಸಿಬಿರು ಚುಚ್ಚಿದ ಜಾಗ ಬಾತು ಹುಣ್ಣಾದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಎರಡು ದಬ್ಬೆಯ ನಡುವಿನ ಸಂದಿಯಲ್ಲಿ ಕಾಲು ಸಿಕ್ಕಿಕೊಂಡರೆ ಇನ್ನೂ ಕಷ್ಟ. ಹಲಗೆಯ ಅಡಿಗೆ ಆಧಾರಕ್ಕೆ ಬೇಕಾದರೆ ಕೊಡಿ. ಕುಟ್ಟೆ ಹುಳ ಹಿಡಿದದ್ದು ಅದಕ್ಕೂ ಬೇಡ, ಪುಡಿ ಉದುರುತ್ತದೆ.

ಅಡಿಕೆ ಮನೆಯಲ್ಲಿ ಇನ್ನೊಂದು ಎಚ್ಚರ: ಸುಲಿಯುವಾಗ ಸಿಡಿದ ಅಡಿಕೆ ಚೂರು ಗೂಡಿನ ಹತ್ತಿರ ಬಿದ್ದಿರಬಾರದು. ನಮ್ಮ ತಲೆಗೆ ಹತ್ತುವ, ಅಡಿಕೆಯಲ್ಲಿರುವ ಅರೆಕೋಲಿನ್ ಅನ್ನುವ ಅಂಶ ಒಂದು ಕಿಲೋ ತೂಕದ ಪ್ರಾಣಿಗೆ ಹತ್ತಿದರೆ ಏನಾದೀತು ಅಂತ ಯೋಚಿಸಿ.

ಹಲಗೆ ಮೇಲೆ ಏನು ಹಾಸಬೇಕು?

ಫ್ಲೀಸ್ ಬಟ್ಟೆ. ಹಳೆಯ ಫ್ಲೀಸ್ ಹೊದಿಕೆ ಕತ್ತರಿಸಿದರೂ ಆಯಿತು. ಬಟ್ಟೆಯಡಿಗೆ 8–10 ಸೆಂಟಿಮೀಟರಿಗೊಂದು ಸಣ್ಣ ಪಟ್ಟಿ ಹೊಡೆದರೆ ಕಾಲಿಗೆ ತಡೆ ಸಿಗುತ್ತದೆ. ಬಟ್ಟೆ ಬಿಗಿಯಾಗಿರಲಿ. ಕಾಲಡಿಯಲ್ಲಿ ಹಾಸು ಒಮ್ಮೆ ಸರಿದರೆ ಸಾಕು, ಅವತ್ತಿನ ಪಾಠ ಮುಗಿಯಿತು. ಟರ್ಕಿ ಟವೆಲ್ ಬೇಡ, ಅದರ ಕುಣಿಕೆಗೆ ಉಗುರು ಸಿಕ್ಕುತ್ತದೆ. ಗೋಣಿಚೀಲದ ನಾರನ್ನು ಎಳೆದು ನುಂಗುತ್ತವೆ. ತೆಂಗಿನ ನಾರಿನ ಕಾಲೊರಸು ಅಂಗಾಲಿಗೆ ಒರಟು. ಬರೀ ಜಾಲರಿಯನ್ನು ಓರೆಯಾಗಿ ಇಟ್ಟು ಸಂಕ ಅನ್ನುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಸರಿ, ಕಲಿಸುವುದು ಹೇಗೆ?

ಮೊದಲು ಹಲಗೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಇಟ್ಟುಬಿಡಿ. ಎರಡು ದಿನ ಏನೂ ಮಾಡಬೇಡಿ. ಅದರ ಮೇಲೆ ಓಡಾಡಲಿ, ಮಲಗಲಿ, ಹಿಕ್ಕೆ ಹಾಕಲಿ. ತನ್ನ ವಾಸನೆ ಹತ್ತಿದ ವಸ್ತು ಅದಕ್ಕೆ ತನ್ನದೇ ಆಗುತ್ತದೆ. ಅವು ಮಲಗುವ ಬಟ್ಟೆಯನ್ನೇ ತಂದು ಹಾಸಿದರೆ ಇನ್ನೂ ಬೇಗ.

ಆಮೇಲೆ ಒಂದು ತುದಿಗೆ ಒಂದು ದಪ್ಪ ಪುಸ್ತಕ ಕೊಡಿ. ನಾನು ಹಳೆಯ ಟೆಲಿಫೋನ್ ಡೈರೆಕ್ಟರಿ ಕೊಟ್ಟೆ, ಅಂತೂ ಅದಕ್ಕೊಂದು ಕೆಲಸ ಸಿಕ್ಕಿತು. ಪುಕ್ಕಲು ಬಿಟ್ಟು ಓಡಾಡತೊಡಗಿದ ಮೇಲೆ ಇನ್ನೊಂದು ಪುಸ್ತಕ. ಹೀಗೇ ಏರಿಸುತ್ತಾ ಹೋಗಿ. ಒಂದು ಹೆಜ್ಜೆಯಲ್ಲಿ ಅಳುಕಿದರೆ ಹಿಂದಿನ ಪುಸ್ತಕಕ್ಕೇ ಇಳಿಯಿರಿ.

ಪಾಠಕ್ಕೆ ಒಳ್ಳೆಯ ಹೊತ್ತು ಬೆಳಗಿನ ಜಾವ ಮತ್ತು ಸಂಜೆ, ಅವು ಚುರುಕಾಗಿರುವುದೇ ಆಗ. ಐದು ನಿಮಿಷ ಸಾಕು. ಕೊತ್ತಂಬರಿ ಸೊಪ್ಪಿನ ಉದ್ದನೆಯ ದಂಟು ಹಿಡಿದು ಮೂಗಿನ ಮುಂದೆ ಒಂದಿಂಚು ದೂರದಲ್ಲಿ ನಿಧಾನ ಸರಿಸಿ. ಮುಂದೆ ಬಂದಷ್ಟಕ್ಕೂ ಒಂದು ಎಲೆ ಕೊಡಿ. ಮೇಲೆ ಮುಟ್ಟಿದ ಮೇಲಷ್ಟೇ ಕೊಡುತ್ತೇನೆ ಅಂತ ಹಟ ಬೇಡ. ಎರಡು ಹೆಜ್ಜೆಗೂ ಕೂಲಿ ಸಿಗಬೇಕು.

ಜೋನಿ ಹೊಸ ಸಂಕ ಹತ್ತಿದ್ದು ಒಂದು ಸಂಜೆ. ಮುಂಗಾಲು ಎರಡನ್ನೂ ಹಲಗೆ ಮೇಲಿಟ್ಟಿತು. ಹಿಂಗಾಲು ನೆಲ ಬಿಡಲೇ ಇಲ್ಲ. ಮೈಯನ್ನು ರಬ್ಬರಿನಂತೆ ಎಳೆದು ಎಳೆದು ಒಂದೂವರೆ ಪಟ್ಟು ಉದ್ದವಾಯಿತು, ಕೊತ್ತಂಬರಿಯ ತುದಿ ಕಚ್ಚಿ ಸರಕ್ಕನೆ ಹಿಂದೆ ಓಡಿತು. ಮತ್ತೆ ಬಂತು, ಮತ್ತೆ ಓಡಿತು. ಆರನೆಯದೋ ಏಳನೆಯದೋ ಸಲ ಎಳೆಯಲು ಇನ್ನು ಮೈಯೇ ಉಳಿಯಲಿಲ್ಲ ಅನ್ನಿಸುತ್ತದೆ, ಹಿಂಗಾಲೂ ಬಂತು. ಆಮೇಲೆ ಹತ್ತು ಸೆಕೆಂಡಿನಲ್ಲಿ ಮೇಲಿತ್ತು. ಮೇಲೆ ಹೋದದ್ದೇ ಚಂಗನೆ ಒಂದು ಜಿಗಿತ, ಖುಷಿಯಾದಾಗ ಹುರಿದ ಅರಳಿನ ಹಾಗೆ ಸಿಡಿಯುತ್ತವಲ್ಲ, ಹಾಗೆ.

ಮಾಡಬಾರದ್ದು ಎರಡು. ಹಿಂದಿನಿಂದ ದೂಡಬೇಡಿ. ಎತ್ತಿ ತಂದು ಸಂಕದ ನಡುವೆ ಇಡಬೇಡಿ. ಮೇಲಿನಿಂದ ಕೈ ಬಂದರೆ ಹದ್ದು ಬಂದ ಹಾಗೆ ಅದಕ್ಕೆ. ಕಳೆದ ವಾರದ ಪಾಠವೆಲ್ಲ ಆ ಒಂದು ಸಲಕ್ಕೆ ತೊಳೆದು ಹೋಗುತ್ತದೆ.

ಎಷ್ಟು ದಿನ ಬೇಕು?

ಚುಕ್ಕಿಗೆ ನಾಲ್ಕು ದಿನ. ಜೋನಿಗೆ, ಆ ಬಿದ್ದ ಹೆದರಿಕೆ ಕಳೆಯಬೇಕಿತ್ತಲ್ಲ, ಆರು ವಾರ. ಕೆಲವು ಯಾವತ್ತೂ ಹತ್ತುವುದಿಲ್ಲ. ಬಿಟ್ಟುಬಿಡಿ.

ಒಂದು ಹತ್ತುತ್ತದೆ, ಇನ್ನೊಂದು ಕೆಳಗೇ ಕೂತು ಕೂಗುತ್ತದೆ. ಏನು ಮಾಡಲಿ?

ಕೂಗಲಿ ಬಿಡಿ. ಇವು ಗುಂಪಿನ ಪ್ರಾಣಿ, ಒಂದರ ಹಿಂದೆ ಒಂದು ಸಾಲಾಗಿ ನಡೆಯುವುದೇ ಅಭ್ಯಾಸ. ಮೊದಲಿನದ್ದು ದಿನಾ ಹೋಗಿ ಬರುವುದನ್ನು ನೋಡುತ್ತಾ ಎರಡನೆಯದ್ದೂ ಹಿಂದೆ ಬೀಳುತ್ತದೆ. ಗೆಳತಿ ಮನೆಯಲ್ಲಿ ಎರಡು ಗಂಡು. ಅವಳ ಮಕ್ಕಳು ಇಟ್ಟ ಹೆಸರು ಬಂಗಡೆ ಮತ್ತು ತಾರ್ಲೆ, ಎರಡೂ ಮೀನಿನ ಹೆಸರು, ಕಾರವಾರ ಅಲ್ವಾ! ಬಂಗಡೆ ಸಂಕದ ಬಾಯಲ್ಲೇ ಮಲಗಿ ತಾರ್ಲೆಯನ್ನು ಹತ್ತಲು ಬಿಡುತ್ತಿರಲಿಲ್ಲ. ಅಂಥದ್ದಿದ್ದರೆ ಇನ್ನೊಂದು ಸಂಕ ಹಾಕಲೇಬೇಕು. ದಾರಿ ಒಂದೇ ಆದರೆ ಜೋರಿನವನು ಸುಂಕ ಕಟ್ಟೆ ಹಾಕುತ್ತಾನೆ.

ಊಟವನ್ನು ಮೇಲೆ ಮಾತ್ರ ಇಟ್ಟರೆ ಹಸಿವಾದಾಗ ತಾನಾಗೇ ಹತ್ತುತ್ತದೆ ಅಲ್ವಾ?

ಬೇಡ. ಇದೊಂದು ವಿಷಯದಲ್ಲಿ ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಗಿನಿ ಪಿಗ್‌ನ ಹೊಟ್ಟೆ ನಿಲ್ಲದೆ ನಡೆಯುತ್ತಿರಬೇಕು. ಅರ್ಧ ದಿನ ತಿನ್ನದಿದ್ದರೇ ಕರುಳು ನಿಧಾನವಾಗಿ, ಗ್ಯಾಸ್ ತುಂಬಿ, ಪ್ರಾಣಕ್ಕೇ ಸಂಚಕಾರ. ಒಣಹುಲ್ಲು ಮತ್ತು ನೀರು ಎರಡೂ ಅಂತಸ್ತಿನಲ್ಲಿ ಯಾವಾಗಲೂ ಇರಲಿ. ಆಸೆ ತೋರಿಸುವುದಕ್ಕೆ ಕೊತ್ತಂಬರಿ, ಸೌತೆಕಾಯಿ ಸಿಪ್ಪೆ, ದೊಣ್ಣೆ ಮೆಣಸಿನ ಚೂರು ಇವೆಯಲ್ಲ. ನಮ್ಮಲ್ಲಿ ಫ್ರಿಜ್ಜಿನಿಂದ ಸೊಪ್ಪಿನ ಪ್ಲಾಸ್ಟಿಕ್ ಕೊಟ್ಟೆ (ಚೀಲ) ತೆಗೆದ ಸರಬರ ಸದ್ದಾದರೆ ಸಾಕು, ಎರಡೂ ಸೀಟಿ ಹೊಡೆಯುತ್ತಾ ಸಂಕದ ತುದಿಗೆ ಬಂದು ನಿಲ್ಲುತ್ತವೆ. ಈಗ ಆ ಸದ್ದೇ ಕರೆ.

ಬೆಟ್ಟದಿಂದ ಹಸಿ ಹುಲ್ಲು ತಂದು ಹಾಕಬಹುದಾ ಅಂತಲೂ ಕೇಳುತ್ತಾರೆ. ಅಂಗಳದ ಗರಿಕೆ ತೊಳೆದು ಕೊಡಿ, ಪ್ರೀತಿಯಿಂದ ತಿನ್ನುತ್ತವೆ. ಕಾಡಂಚಿನದ್ದು ಬೇಡ, ಅದರಲ್ಲಿ ಉಣುಗು ಬರುತ್ತದೆ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ ಅಂತ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತಿದ ಮೇಲೆ ಇಳಿಯುವುದೇ ಇಲ್ಲ.

ಸಹಜ. ಇಳಿಯುವುದೇ ಹೆಚ್ಚು ಕಷ್ಟ, ತಲೆ ಕೆಳಗಾಗಿ ಭಾರವೆಲ್ಲ ಮುಂಗಾಲಿಗೆ ಬೀಳುತ್ತದೆ. ಹತ್ತುವುದನ್ನು ಕಲಿಸಿದ ಹಾಗೇ ಇಳಿಯುವುದನ್ನೂ ಬೇರೆಯಾಗಿ ಕಲಿಸಬೇಕು, ಹಲಗೆ ತಗ್ಗಾಗಿರುವಾಗಲೇ. ಸಂಕದ ಬುಡದಲ್ಲಿ ಒಂದು ಅಡಗುಗೂಡು ಇಡಿ, ರಟ್ಟಿನ ಡಬ್ಬಿಯಾದರೂ ಆಯಿತು. ಇಳಿದ ತಕ್ಷಣ ನುಗ್ಗಲು ಜಾಗ ಇದೆ ಅಂತ ಗೊತ್ತಾದರೆ ಇಳಿಯುತ್ತವೆ. ಬಯಲಿಗೆ ಇಳಿ ಅಂದರೆ ಯಾವ ಗಿನಿ ಪಿಗ್ ಇಳಿದೀತು?

ಮೊದಲು ಚೆನ್ನಾಗಿ ಹತ್ತುತ್ತಿತ್ತು, ಈಗ ನಿಲ್ಲಿಸಿದೆ.

ಇದು ಪಾಠದ ವಿಷಯ ಅಲ್ಲ, ಆರೋಗ್ಯದ್ದು. ಮೊದಲು ಅಂಗಾಲು ನೋಡಿ: ಕೆಂಪಗಾಗಿದೆಯಾ, ಬಾತಿದೆಯಾ, ಉಗುರು ಬೆಳೆದು ಸುರುಳಿ ಸುತ್ತಿದೆಯಾ? ಆಮೇಲೆ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ. ವಾರಕ್ಕೊಮ್ಮೆ ತೂಗಿ ಬರೆದಿಡುವ ಅಭ್ಯಾಸ ಇದ್ದರೆ ತೂಕ ಇಳಿದದ್ದು ಬೇಗ ಸಿಗುತ್ತದೆ.

ಮುಖ್ಯವಾದ್ದು ವಿಟಮಿನ್ ಸಿ. ನಮ್ಮ ಹಾಗೇ ಗಿನಿ ಪಿಗ್ ಕೂಡ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳುವುದಿಲ್ಲ. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ತಿನಿಸಿನಿಂದಲೇ ಸಿಗಬೇಕು. ಕಡಿಮೆಯಾದರೆ ಗಂಟುಗಳು ಬಾತು ನೋಯುತ್ತವೆ, ನಡೆಯಲು ಬೇಸರಪಡುತ್ತವೆ. ಸಂಕ ಹತ್ತದಿರುವುದು ಅದರ ಮೊದಲ ಸೂಚನೆಯೂ ಆಗಿರಬಹುದು. ದಿನಾ ಒಂದು ಹೋಳು ದೊಣ್ಣೆ ಮೆಣಸು ತಪ್ಪಿಸಬೇಡಿ. ಅಂಗಡಿಯ ಹಳೇ ಕಾಳಿನ ಪ್ಯಾಕೆಟ್ಟನ್ನು ನಂಬಿ ಕೂರಬೇಡಿ, ಅದರಲ್ಲಿನ ವಿಟಮಿನ್ ಇಟ್ಟಲ್ಲೇ ಕರಗುತ್ತದೆ.

ನಮ್ಮ ಕಡೆ ಪಶುವೈದ್ಯರು ಜಾಸ್ತಿ ನೋಡುವುದು ದನ, ಎಮ್ಮೆ, ನಾಯಿ. ಹೋಗುವ ಮೊದಲು ಗಿನಿ ಪಿಗ್ ನೋಡುತ್ತೀರಾ ಅಂತ ಫೋನ್ ಮಾಡಿ ಕೇಳಿ. ಬಾಯಿಗೆ ಕೊಡುವ ಪೆನಿಸಿಲಿನ್, ಅಮಾಕ್ಸಿಸಿಲಿನ್ ಇದಕ್ಕೆ ವಿಷದ ಹಾಗೆ, ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳು ಸಾಯುತ್ತವೆ. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಕೊಡುವ ಸಾಹಸ ಯಾವತ್ತೂ ಬೇಡ.

ಬಸುರಿ ಗಿನಿ ಪಿಗ್, ಮರಿಗಳು ಹತ್ತಬಹುದಾ?

ಬೇಡ. ಬಸಿರು 59ರಿಂದ 72 ದಿನ. ಹೊಟ್ಟೆ ಕಾಣತೊಡಗಿದ ಮೇಲೆ ಸಂಕ ತೆಗೆದಿಡಿ. ಅಂಗಡಿಯಿಂದ ತಂದ ಹೆಣ್ಣು ಬಸುರಿಯಾಗಿಯೇ ಬಂದಿರುವುದು ಹೊಸತಲ್ಲ. ಮರಿಗಳು ಕಣ್ಣು ತೆರೆದುಕೊಂಡೇ ಹುಟ್ಟಿ ಕೆಲವೇ ಗಂಟೆಗಳಲ್ಲಿ ಓಡುತ್ತವೆ, ಬೀಳುತ್ತೇನೆ ಅನ್ನುವ ಬುದ್ಧಿ ಮಾತ್ರ ಇರುವುದಿಲ್ಲ. ವಯಸ್ಸಾದವಕ್ಕೂ, ನಾಲ್ಕೈದು ವರ್ಷ ದಾಟಿ ಗಂಟು ಬಿಗಿದವಕ್ಕೂ, ಕೆಳಗಿನ ಮನೆಯೇ ಸುಖ.

ಮಳೆಗಾಲದಲ್ಲಿ ಏನು ಕಥೆ?

ಜೂನ್ ಬಂತು ಅಂದರೆ ಪ್ಲೈವುಡ್ ಉಬ್ಬುತ್ತದೆ, ಫ್ಲೀಸ್ ಒಣಗುವುದಿಲ್ಲ, ಹುಲ್ಲಿಗೆ ಬೂಸ್ಟು. ಹಲಗೆಯ ಬದಿಗಳಿಗೂ ಬಣ್ಣ ಹೊಡೆಸಿ, ಪೂರ್ತಿ ಒಣಗಿ ವಾಸನೆ ಹೋದ ಮೇಲಷ್ಟೇ ಗೂಡಿಗೆ ಇಡಿ. ಸಂಕದ ಹಾಸು ಕಡಿಮೆ ಅಂದರೂ ನಾಲ್ಕು ಜೊತೆ ಬೇಕು. ನಾವು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಒಂದು ಸಲ ಹೊಗೆ ವಾಸನೆಯ ಬಟ್ಟೆಯನ್ನು ಹಾಗೇ ಹಾಸಿದ್ದಕ್ಕೆ ಚುಕ್ಕಿ ನಾಲ್ಕು ಸಲ ಸೀನಿ, ಸಂಕದ ಬುಡದಿಂದಲೇ ವಾಪಸ್ಸಾಯಿತು. ಈಗ ಒಂದು ರಾತ್ರಿ ಫ್ಯಾನ್ ಗಾಳಿಗೆ ಹಾಕಿ ಆಮೇಲೆ ಹಾಸುತ್ತೇವೆ. ಒದ್ದೆ ಹಾಸಿನಿಂದ ಅಂಗಾಲು ಹುಣ್ಣೂ ಬರುತ್ತದೆ, ಹುಳುಕಡ್ಡಿಯೂ ಬರುತ್ತದೆ. ಹುಳುಕಡ್ಡಿ ನಮಗೂ ಅಂಟುತ್ತದೆ. ಬೂಸ್ಟು ಹಿಡಿದ ಹುಲ್ಲನ್ನು ಝಾಡಿಸಿ ಹಾಕೋಣ ಅನ್ನಬೇಡಿ, ಗೊಬ್ಬರಗುಂಡಿಗೆ ಎಸೆಯಿರಿ.

ಬೇಸಿಗೆಯಲ್ಲಿ?

ಕರಾವಳಿಯವರು ಇದನ್ನು ಗಮನಿಸಿ. ಗಿನಿ ಪಿಗ್ ಬೆವರುವುದಿಲ್ಲ. 27–28 ಡಿಗ್ರಿ ದಾಟಿದರೆ ಕಷ್ಟ ಶುರು. ಕಾರವಾರ, ಅಂಕೋಲೆ, ಕುಮಟೆಯಲ್ಲಿ ಏಪ್ರಿಲ್ ಮಧ್ಯಾಹ್ನ 33ರ ಮೇಲೆ, ಜತೆಗೆ ಆ ಸೆಖೆ. ಬಿಸಿಗಾಳಿ ಮೇಲೇರುವುದರಿಂದ ಮೇಲಂತಸ್ತು ಇನ್ನೂ ಬಿಸಿ, ಹೆಂಚಿನ ಮಾಡಾದರೆ ಕೇಳುವುದೇ ಬೇಡ. ಇಳಿಯಲು ಹೆದರುವ ಪ್ರಾಣಿ ಮೇಲೇ ಸಿಕ್ಕಿಕೊಂಡರೆ ಅಪಾಯ. ಗೆಳತಿ ಬೆಳಗ್ಗೆ ಹತ್ತಕ್ಕೆಲ್ಲ ಎರಡನ್ನೂ ಕೆಳಗೆ ಕರೆದು, ಸಂಕ ಎತ್ತಿಟ್ಟು, ಸಂಜೆ ಕಡಲಗಾಳಿ ಬಂದ ಮೇಲೆ ಮತ್ತೆ ಹಾಕುತ್ತಾಳೆ. ಕೆಳಗೆ ಬಟ್ಟೆ ಸುತ್ತಿದ ಐಸ್ ಬಾಟಲಿ ಒಂದು. ಅದಕ್ಕೆ ಒರಗಿ ಬಂಗಡೆ ಮಲಗುವುದನ್ನು ನೋಡಿದರೆ ಮೀನು ಮಾರ್ಕೆಟ್ಟೇ ನೆನಪಾಗುತ್ತದೆ.

ಬೆಕ್ಕು, ಹಾವು?

ಮೇಲಂತಸ್ತು ತೆರೆದಿದ್ದರೆ ಬೆಕ್ಕಿಗೆ ಎಟುಕಿತು ಅಂತಲೇ ಲೆಕ್ಕ. ಮುಚ್ಚಳ ಬೇಕು, ಚಿಲಕ ಬೇಕು. ಜಾಲರಿ ಕಣ್ಣು ದೊಡ್ಡದಿದ್ದರೆ ಕೇರೆಹಾವು ನುಸುಳುತ್ತದೆ, ಸಣ್ಣ ಕಣ್ಣಿನದ್ದನ್ನೇ ಹಾಕಿಸಿ.

ಸಂಕದ ಮೇಲೇ ಉಚ್ಚೆ ಹೊಯ್ಯುತ್ತದೆ. ಈ ಚಾಳಿ ಬಿಡಿಸುವುದು ಹೇಗೆ?

ಪೂರ್ತಿ ಬಿಡಿಸಲು ನನ್ನಿಂದ ಆಗಲಿಲ್ಲ. ಹೊಯ್ಯುವುದು ಹೆಚ್ಚಾಗಿ ಮೂಲೆಯಲ್ಲಿ, ಹುಲ್ಲು ತಿನ್ನುವಾಗ. ಸಂಕದ ಎರಡೂ ತುದಿಗೆ ಹುಲ್ಲಿನ ತಟ್ಟೆ ಇಟ್ಟ ಮೇಲೆ ಅರ್ಧ ಕಡಿಮೆಯಾಯಿತು. ಉಳಿದರ್ಧಕ್ಕೆ ಹಾಸಿನ ಅಡಿಗೆ ಹಳೆಯ ಪಂಚೆ ಮಡಚಿ ಹಾಕಿದ್ದೇನೆ. ಬಿಳಿ ಕಲೆ ಕೂತರೆ ವಿನೆಗರ್ ನೀರಲ್ಲಿ ಉಜ್ಜಿದರೆ ಹೋಗುತ್ತದೆ. ಜೋನಿ ಮಾತ್ರ ಇವತ್ತಿಗೂ ಸರಿಯಾಗಿ ಸಂಕದ ನಡುವೆ ನಿಂತು, ನನ್ನ ಮುಖ ನೋಡಿ, ಆಮೇಲೆ ಹೊಯ್ಯುತ್ತದೆ.